ವಾಷರ್

ಹೊರಡುವ ಮುನ್ನ ಜೇಬು ಖಾಲಿ ಮಾಡಿದೆ:
ಬೀಗದ ಕೈ, ಎರಡು ರೂಪಾಯಿ, ಅರ್ಧ ಶುಂಠಿ ಪೆಪ್ಪರಮೆಂಟು.
ಉಸಿರು ಬಿಟ್ಟು ಪಟ್ಟಿಯನ್ನು ಇನ್ನೊಂದು ತೂತಿಗೆ ಬಿಗಿದೆ.
ಪ್ಯಾರಾಚೂಟಿನ ಹಿಡಿ ಎಡಗಡೆ, ಮುಟ್ಟಿ ನೋಡಿದೆ,
ಊರಿಗೆ ಹೊರಟವರು ಬೀಗ ಜಗ್ಗಿ ನೋಡುವಂತೆ.

ನಾಲ್ಕು ಸಾವಿರ ಅಡಿ ಕೆಳಗೆ ಊರಿಗಾಂ.
ಸೈನೈಡ್ ದಿಬ್ಬಗಳು, ಯಾರೋ ಬೋರಲು ಹಾಕಿ ಮರೆತ ಬಾಂಡ್ಲಿಗಳು.
ಎಡಕ್ಕೊಂದು ತಿರುವು, ಬಲಕ್ಕೊಂದು. ಯಾರೂ ಇಲ್ಲ.
ಒಂದು ಹದ್ದು, ಅದೂ ತನ್ನ ಪಾಡಿಗೆ.

ಮೂಗು ತಗ್ಗಿಸಿದೆ, ವೇಗ ಕೂಡಲಿ ಎಂದು.
ಆಮೇಲೆ ಎಳೆದೆ. ಜಗ್ಗಲಿಲ್ಲ,
ತುಂಬಿದ ಕೊಡ ಸೇದಿದ ಹಾಗೆ ಎಳೆದೆ.
ರೆಕ್ಕೆಯ ಒಂದೊಂದು ಪಟ್ಟಿಗೂ ಗೋಂದು ಹಚ್ಚಿದವಳು ನಾನು,
ಎಷ್ಟು ತಾಳುತ್ತದೆಂದು ಬೆರಳಿಗೆ ಗೊತ್ತು.

ನೆತ್ತಿಯಲ್ಲಿ ಎಲ್ಲ ಹಗುರ.
ಬೋರಲು ಬಾಂಡ್ಲಿಗಳು ನೆಟ್ಟಗಾದವು.
ಆಗ ಕಾಲ ಬುಡದಿಂದ ಎದ್ದು ಬಂತು
ಮೂರು ವರ್ಷದ ಹಿಂದೆ ಶೆಡ್ಡಿನಲ್ಲಿ ಕಳೆದ ವಾಷರ್,
ಮೂಗಿನ ಮುಂದೆ ತೇಲಿ, ಬಿಸಿಲಿಗೆ ಒಮ್ಮೆ ಮಿನುಗಿತು.
ಹಿಡಿಯಲು ಹೋಗಲಿಲ್ಲ. ಎರಡು ಕೈಗೂ ಕೆಲಸವಿತ್ತು.
ಸುತ್ತು ಮುಗಿಸಿದೆ. ಅದು ಎಲ್ಲೋ ಟಣ್ ಎಂದಿತು.

ರೋಲ್ ಬಾಕಿ ಇತ್ತು, ಸ್ಪಿನ್ ಬಾಕಿ ಇತ್ತು,
ಕೆಳಗೆ ಜ್ಞಾನಮಣಿ ಫೋನ್ ಎತ್ತಿ ಹಿಡಿದು ಕಾದಿದ್ದ.
ಇಳಿದುಬಿಟ್ಟೆ.
"ಅಷ್ಟೇನಾ?" ಅಂದ.
ಅಷ್ಟೇ.

ಅಪ್ಪ ಚಾಂಪಿಯನ್ ರೀಫಿನಲ್ಲಿ ಕೇಜ್ ಇಳಿಸುತ್ತಿದ್ದವನು.
ಹಗ್ಗದಲ್ಲಿ ಒಂದೆಳೆ ಸಿಡಿದಿದೆಯೆಂದು
ಒಂದು ಪಾಳಿ ಪೂರ್ತಿ ನಿಲ್ಲಿಸಿದ್ದನಂತೆ;
ಶಾಫ್ಟಿನ ಬಾಯಲ್ಲಿ ಬುತ್ತಿ ಹಿಡಿದು ನಿಂತವರು
ಮೂರು ಭಾಷೆಯಲ್ಲಿ ಬೈದರಂತೆ.
ಜ್ಞಾನಮಣಿ ಒಂದರಲ್ಲೇ ಮುಗಿಸಿದ.

ಟಾರ್ಚು, ಅಯಸ್ಕಾಂತ, ಮೊಣಕಾಲೂರಿ ನಾನು.
ಸಂಜೆಗೆ ಸಿಕ್ಕಿತು,
ಚುಕ್ಕಾಣಿಯ ತಂತಿ ಹಾಯುವ ರಾಟೆಯ ಪಕ್ಕ.
ಒಂದಲ್ಲ, ಎರಡು.