ಹಳದಿ ಅಂದ್ರ

ಉದ್ಯಮಬಾಗದಾಗ ತಗಡಿನ ಶೆಡ್ಡು.
ಲೇಥಿನ ಮಗ್ಗಲಿಗೆ ಕಬ್ಬಿಣದ ಕಪಾಟು,
ಅದರಾಗ ನನ್ನ ಏಳು ಪಿಸ್ತೂಲು.
ಒಂದಕ್ಕೂ ಕೊಲ್ಲಾಕ ಬರೂದಿಲ್ಲ.

ಒಂದು ಗೋವಾದ ಹರಾಜಿನ್ಯಾಗ
ತಂತಿ ಹರದ ಟೆನಿಸ್ ಬ್ಯಾಟಿನ ಜೋಡಿ ಬಂತು.
ಇನ್ನೊಂದರ ಹಿಡಿಕಿ ಮುರದಿತ್ತು,
ಹಳೇ ಹಾರ್ಮೋನಿಯಂ ಪೆಟಗಿ ಕೊರದು ಕೂಡಿಸೀನಿ;
ಹಿಡದರ ಅಂಗೈಗೆ ಸಾಗವಾನಿ ವಾಸನಿ.
ಮೂರನೇದಕ್ಕ ಬೋಲ್ಟೇ ಇಲ್ಲ.
ಇರಲಿ, ಅದೂ ನಂದ.

ಎಲ್ಲಾಕ್ಕಿಂತ ಹಿರೇದು ಉದ್ದ ಮೂತಿಯ ಕರೀದು.
ಅದು ಹುಟ್ಟಿದ್ದು ಆಟಕ್ಕಲ್ಲ.
ಯಾವುದೋ ದೇಶದ ಅಡವಿಯೊಳಗ
ಹಳ್ಳ ದಾಟಲಾರದ ಗಾರ್ಡು
ಆಚಿ ದಂಡಿಯ ಗಿಡಕ್ಕ ಬಣ್ಣ ಹೊಡದು ಗುರ್ತು ಮಾಡಲಿಕ್ಕೆ:
ಇದನ್ನ ಕಡೀರಿ, ಇದನ್ನ ಬಿಡ್ರಿ.
ಆಮ್ಯಾಲ ಯಾರೋ ದೋಸ್ತರು
ಗಿಡ ಬಿಟ್ಟು ಒಬ್ಬರಿಗೊಬ್ಬರು ಹೊಡಕೊಂಡು ನಕ್ಕರಂತ.

ಗ್ಯಾಸಿಗೆ, ಸೋಡಾ ಮಾಡೂ ಗೇಣಿಗಿಂತ ಸಣ್ಣ ನಳಗಿ;
ಕ್ಯಾಂಪಿನ ಬೇಕರಿ ಇನಾಸ ತರತಾನ.
ವಾಷರು ನಾನೇ ಕೊರೀತೀನಿ,
ಕೂದಲೆಳಿ ಹೆಚ್ಚುಕಮ್ಮಿ ಆದರ ಫುಸ್ಸ್.
ಗುಂಡಿನ ಬಣ್ಣ ಹೆಂಡತಿ ಚಂದ್ರಾಬಾಯಿದು.
ವಡಗಾವಿಯ ನೂಲಿಗೆ ಬಣ್ಣ ಹಾಕೂ ಮನಿಯ ಮಗಳು ಆಕಿ.
‘ನಾಕು ಒಗತಕ್ಕ ಹೋಗಬೇಕು,
ಮೂರಕ್ಕ ಹೋಗಬಾರದು,’ ಅಂತಾಳ,
ಅಷ್ಟರ ತನಕ ನಿಮಗ ನಾಚಿಕಿ ಇರಲಿ ಅಂತ.

ಐತಾರ ಮುಂಜಾನಿ, ಬಾಗಲಾ ಹಾಕಿದ ಫೌಂಡ್ರಿಯ ಅಂಗಳ.
ನಾಕು ಮಂದಿ, ನಾಕು ಚಷ್ಮಾ, ಎಂಟು ಬ್ಯಾನಿ ಮೊಣಕಾಲು.
ಒಡೀಲಾರದ ಗುಂಡಿಗೆ ಲೆಕ್ಕಿಲ್ಲ,
ಬಡದು ಜಿಗದು ಬಿದ್ದರ ನೀ ಬದುಕಿದಿ.
ಬಣ್ಣ ಹತ್ತಿದರ ಕೈ ಎತ್ತಬೇಕು,
ಯಾರೂ ನೋಡಿರದಿದ್ದರೂ.
ಜಿನ್ನಪ್ಪ ಇರುವಿ ಸಾಲು ಕಂಡರ ಸುತ್ತು ಹಾಕಿ ಹೋಗಾಂವ,
ಬಣ್ಣ ಮಾತ್ರ ಕದ್ದು ಒರಸಿಕೋತಾನ.
ಸಿಕ್ಕಿದ ವಾರ ಅವಗ ಚಹಾ ಇಲ್ಲ.

ಸುಬೇದಾರ ಯಲ್ಲೋಜಿ ಇಪ್ಪತ್ತಾರು ವರ್ಷ
ಖರೇ ಬಂದೂಕು ಹೊತ್ತಾಂವ.
ಇಲ್ಲಿ ಭಟ್ಟಿಯ ಹಿಂದ ಕುಂಡರತಾನ,
ಆಟ ಮುಗದ ಮ್ಯಾಲ
ಹನ್ನೆರಡೂ ಗುಂಡು ಎಣಿಸಿ ನನ್ನ ಕೈಯಾಗ ಇಡತಾನ.
‘ಯಾಕ್ರಿ?’ ಅಂದರ,
‘ಎದುರಿಗೆ ಮಾರಿ ಐತಿ.’

ಮ್ಯಾಲಿನ ಖಾನೆಯೊಳಗ ಒಂದು ಸೀಲ್ ಡಬ್ಬಿ.
ಹತ್ತು ಗುಂಡು, ಆ ಕಾಲದ ಎಣ್ಣಿ ಬಣ್ಣದವು.
ನೀರಿಗೆ ಹೋಗೂದಿಲ್ಲ.
ಪುಣೆದಾಂವ ಹೇಳಿದ ರೇಟು
ಚಂದ್ರಾಬಾಯಿಗೆ ಇನ್ನೂ ಹೇಳಿಲ್ಲ.

ಆಗ ಫೌಂಡ್ರಿ ರಸ್ತೆ ಅಗಲ ಮಾಡತೀವಿ ಅಂತ ಬಂದರು.
ಗಿಡಕ್ಕೊಂದು ಕೆಂಪು ನಂಬರು.
ನಾವು ಚಹಾ ಕುಡಿಯೂ ಹುಣಸಿಗೆ ಮೂವತ್ತಮೂರು.

ಯಲ್ಲೋಜಿ ಬಂದದ್ದು ಮಂಗಳವಾರ.
‘ಕರೀದು ಕೊಡು,’ ಅಂದ.
ಕೊಟ್ಟೆ.
‘ಆ ಡಬ್ಬೀನೂ.’
ಲೇಥು ತಿರಗತಿತ್ತು. ಬಂದ್ ಮಾಡಿದೆ.
ಮೂವತ್ತು ವರ್ಷದ ಸೀಲು ಒಡದದ್ದು ನನ್ನ ಉಗರ,
ಇದು ದಾಖಲಿರಲಿ.

ಮೊದಲನೇದು ಬಡದು ಅಡಕಿ ಹಂಗ ಜಿಗದು ಗಟಾರಕ್ಕ ಬಿತ್ತು.
ಎರಡನೇದೂ.
ಮೂರನೇದನ್ನ ಅಂವ ಬಗಲಾಗ ಇಟ್ಟು ಕಾಸಿದ,
ಹತ್ತು ನಿಮಿಷ,
ಕೋಳಿ ತತ್ತಿಗೆ ಕುಂತಂಗ ಕಣ್ಣು ಮುಚ್ಚಿ.
ಟಪ್.
ಎರಡು ಕೆಂಪು ಮೂರರ ಮ್ಯಾಲ
ಅಂಗೈಯಷ್ಟು ಹಳದಿ.

ಮರುದಿನ ಗರಗಸದವರು ಬಂದರು.
ಮೂವತ್ತೆರಡು ಬಿತ್ತು. ಮೂವತ್ನಾಕು ಬಿತ್ತು.
ನಡುವ ನಿಂತು ಮುಕಾದಮ ಫೋನ್ ಹಚ್ಚಿದ:
‘ಸಾಹೇಬ್ರ, ಹಳದಿ ಅಂದ್ರ ಏನ್ರಿ?
ಕಡಿಯೂದೋ, ಬಿಡೂದೋ?’
ಸಾಹೇಬರಿಗೂ ಗೊತ್ತಿರಲಿಲ್ಲ.
ಪತ್ರ ಬರೀರಿ ಅಂದರು.
ಪತ್ರ ಧಾರವಾಡಕ್ಕ ಹೋಗೇತಿ, ಅಲ್ಲಿಂದ ಮುಂದಕ್ಕ.
ಹಳದಿಗೆ ಇನ್ನೂ ಅರ್ಥ ಬಂದಿಲ್ಲ.

ಡಬ್ಬಿಯೊಳಗ ಏಳು ಉಳದಾವು.
ಪುಣೆದಾಂವ ಈಗ ಫೋನ್ ಎತ್ತೂದಿಲ್ಲ.

ಈ ಐತಾರ ಯಲ್ಲೋಜಿ
ಹನ್ನೊಂದು ಗುಂಡು ಎಣಿಸಿ ಕೊಟ್ಟ.
ನಾ ಇನಾಸನ ಬೆನ್ನು ನೋಡಿದೆ, ಏನಿಲ್ಲ.
ನನ್ನ ಅಂಗಿ ನೋಡಿಕೊಂಡೆ, ಏನಿಲ್ಲ.
ಗ್ವಾಡಿಯ ಕಡೆ ಮಾರಿ ಮಾಡಿ
ಜಿನ್ನಪ್ಪ ವಸ್ತ್ರ ಮಡಚತಿದ್ದ,
ಭಾಳ ನಿಧಾನ, ಭಾಳ ಸಣ್ಣಗ.