ಬೆಲ್ಟಿನ ಕೊನೆಯ ಗೇಣು

ಮೊದಲು ಬಾಗಿಲು ತೆಗೆದು ಸುಮ್ಮನೆ ನಿಲ್ಲಬೇಕು.
ಮೂಗಿಗೆ ತಿಳಿಯುವುದು ಮೊದಲ ಉಸಿರಿನಲ್ಲಿ ಮಾತ್ರ;
ಎರಡನೆಯದಕ್ಕೆ ಅದು ರಾಜಿಯಾಗಿಬಿಡುತ್ತದೆ,
ಮೂರನೆಯದಕ್ಕೆ ವಕೀಲಿ ಶುರು.

ರುಸ್ತಾವಿಯ ಹಳೆ ಕಾರುಗಳ ಬಯಲಿನಲ್ಲಿ
ನನ್ನ ಕೆಲಸ ಇದು, ಹನ್ನೊಂದು ವರ್ಷದಿಂದ.
ಕಡಲು ದಾಟಿ ಬರುತ್ತವೆ, ಹಡಗು ತುಂಬ,
ಯಾರದೋ ಊರಿನ ಯಾವುದೋ ಹೊಳೆ
ಒಂದು ರಾತ್ರಿ ಒಳಗೆ ಕೂತು ಎದ್ದುಹೋದ ಕಾರುಗಳು.
ಊರಿಗೆ ಬಂದದ್ದು ನೀರಿಗೆ ಬಾರದೇ ಅನ್ನುತ್ತಾರಲ್ಲ,
ಇಲ್ಲಿ ತಿರುಗಾಮುರುಗಾ:
ನೀರಿಗಿಳಿದದ್ದೇ ಊರಿಗೆ ಬರುತ್ತದೆ.
ಬಣ್ಣಕ್ಕೆ ಒಬ್ಬ, ಎಂಜಿನ್ನಿಗೆ ಇಬ್ಬರು,
ಮುಗ್ಗಲು ವಾಸನೆಗೆ ನಾಜಿಬ್ರೋಲಾ.
ಬೋರ್ಡೇನೂ ಇಲ್ಲ. ಗ್ಯಾರೇಜಿನ ಹಿಂದೆ
ಒಬ್ಬ ಹೆಂಗಸಿದ್ದಾಳೆ ಅನ್ನುತ್ತಾರೆ, ಅಷ್ಟೇ.

ಸೀಟು ಬಿಚ್ಚುತ್ತೇನೆ, ನಾಲ್ಕು ನಾಲ್ಕು ಬೋಲ್ಟು.
ಕಾರ್ಪೆಟ್ಟು ಎತ್ತಿದರೆ ಅಡಿಯಲ್ಲಿ ಸ್ಪಂಜು,
ಮೇಲೆ ಒಣಗಿದಂತೆ ನಟಿಸಿ ಒಳಗೆ ನೀರು ಹಿಡಿದದ್ದು.
ಅದನ್ನು ಕಾಲಲ್ಲಿ ತುಳಿಯುತ್ತೇನೆ
ನನ್ನಜ್ಜಿ ಕಾಖೇತಿಯಲ್ಲಿ ದ್ರಾಕ್ಷಿ ತುಳಿದ ಹಾಗೆ;
ಅವಳ ಕಾಲಡಿ ವೈನು, ನನ್ನ ಕಾಲಡಿ
ಚಹಾದ ಬಣ್ಣದ, ಹೆಸರು ಗೊತ್ತಿಲ್ಲದ ಹೊಳೆ.

ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ ಎಳೆದರೆ
ಫಿಲ್ಟರು ಸತ್ತ ಕಾಗೆಯ ರೆಕ್ಕೆಯಂತೆ ಬರುತ್ತದೆ.
ವಿನೆಗರ್, ಸೋಡಾಪುಡಿ, ಇದ್ದಿಲು, ಬಿಸಿಲು.
ಬಿಸಿಲೇ ದೊಡ್ಡದು. ಆದರೆ ಅದಕ್ಕೆ ಅವಸರವಿಲ್ಲ,
ಜುಂಬೆರನಿಗೆ ಇದೆ.
"ಸೆಂಟು ಹೊಡಿ, ಸಾಕು" ಅನ್ನುತ್ತಾನೆ.
ಸೆಂಟು ಹೊಡೆದರೆ ಏನಾಗುತ್ತದೆ ಗೊತ್ತೆ?
ಒದ್ದೆ ನಾಯಿ ಮದುವೆಗೆ ಹೊರಟ ಹಾಗಾಗುತ್ತದೆ.

ಸಿಕ್ಕಿದ್ದನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ.
ಕೂದಲಿನ ಕ್ಲಿಪ್ಪು. ಹಲ್ಲಿನ ಗುರುತಿರುವ ನೀಲಿ ಕ್ರೇಯಾನ್.
ಒಮ್ಮೆ, ಹ್ಯಾಂಡ್‌ಬ್ರೇಕಿನ ಸಂದಿಯಲ್ಲಿ,
ಬೆರಳುದ್ದದ ಮೀನು, ಕಾಗದದಷ್ಟು ಹಗುರ.
ಆ ಕ್ಲಿಪ್ಪಿನವಳು ಬಾಗಿಲು ತೆಗೆದು ಓಡಿದಳೋ ಇಲ್ಲವೋ
ಅಂತ ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.
ಬಿಟ್ಟಿದ್ದೇನೆ ಅನ್ನುತ್ತೇನೆ.

ಏಳನೆಯ ದಿನ ಕಾರಿಗೆ ಯಾವ ವಾಸನೆಯೂ ಇಲ್ಲ.
ಅಂದರೆ ಯಾವ ಸಾಕ್ಷಿಯೂ ಇಲ್ಲ.
ಆಮೇಲೆ ಜುಂಬೆರನ ಬಾಯಲ್ಲಿ ಅದು
ಮುದಿ ಡಾಕ್ಟರೊಬ್ಬರು ಚರ್ಚಿಗೆ ಮಾತ್ರ ಒಯ್ದ ಕಾರು.

ಹೋದ ಚಳಿಗಾಲ ಗುರ್ಜಾನಿಯಿಂದ ಒಬ್ಬ ನರ್ಸು ಬಂದಳು, ಮಾಕ್ವಾಲಾ.
ದುಡ್ಡನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ತಂದಿದ್ದಳು.
ನಾನು ತೊಳೆದ ಬಿಳಿ ಕಾರಿನೊಳಗೆ ಕೂತು
ಕಣ್ಣು ಮುಚ್ಚಿ ಉಸಿರೆಳೆದು, "ಹೊಸದರ ಹಾಗಿದೆ" ಅಂದಳು.
ಜುಂಬೆರ್ ನನ್ನತ್ತ ಹುಬ್ಬು ಹಾರಿಸಿದ, ಮೆಚ್ಚಿ.
ಆ ಮೆಚ್ಚುಗೆ ನನಗೆ ಹಿತವಾಯಿತು. ಅದನ್ನೂ ಹೇಳಬೇಕು.

ಮಾರ್ಚಿನಲ್ಲಿ, ಗೊಂಬೋರಿ ಘಾಟಿಯ ತಿರುವಿನಲ್ಲಿ,
ತಂತಿಗಳೊಳಗೆ ಅವಿತಿದ್ದ ನೀರಿನ ತುಕ್ಕು
ದೀಪಗಳನ್ನೆಲ್ಲ ಒಟ್ಟಿಗೆ ಆರಿಸಿತಂತೆ.
ಬದುಕಿದಳು. ನಡೆಯುತ್ತಾಳಂತೆ, ಕೋಲು ಹಿಡಿದು.
ಯಾರೂ ನನ್ನನ್ನು ಕೇಳಲು ಬರಲಿಲ್ಲ.
ವಾಸನೆ ತೆಗೆದವಳ ಹೆಸರು
ಯಾವ ಕಾಗದದಲ್ಲೂ ಇರುವುದಿಲ್ಲ.

ಅಂದಿನಿಂದ ಒಂದು ಕೆಲಸ ಅರ್ಧ ಮಾಡುತ್ತೇನೆ.
ಡ್ರೈವರಿನ ಸೀಟ್‌ಬೆಲ್ಟು ಎಳೆದು ತೊಳೆಯುವಾಗ
ಕೊನೆಯ ಗೇಣು ಬಿಡುತ್ತೇನೆ,
ಪೂರಾ ಎಳೆದು, ಮುಗಿಯಿತು ಅನ್ನಿಸಿದ ಮೇಲೆ
ಇನ್ನೂ ಒಮ್ಮೆ ಜಗ್ಗಿದರೆ ಮಾತ್ರ
ಸುರುಳಿಯಿಂದ ಹೊರಬರುವ ಗೇಣು.
ಅಲ್ಲಿದೆ ಹೊಳೆಯ ರುಜು, ಕಂದು ಕೆಸರಿನಲ್ಲಿ.
ಮೂಗಿಗೆ ಹಿಡಿದರೆ, ಮುಚ್ಚಳ ತೆಗೆದ ಹಾಳುಬಾವಿ.

ಕೊಳ್ಳುವವರು ಟೈರು ಒದೆಯುತ್ತಾರೆ,
ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾರೆ,
ರೇಡಿಯೋ ಹಚ್ಚಿ ನೋಡುತ್ತಾರೆ.
ಬೆಲ್ಟು ಎಳೆಯುವುದಿಲ್ಲ.
ಜುಂಬೆರ್ ಅತ್ತ ತಿರುಗಿದಾಗ
ನಾನು ಬಕೆಟ್ಟು ಕೆಳಗಿಟ್ಟು, ದೂರದಿಂದ,
ಭುಜಕ್ಕೆ ಕೈ ಒಯ್ದು ಎದೆಯ ಅಡ್ಡ ಎಳೆದು ತೋರಿಸುತ್ತೇನೆ,
ಒಮ್ಮೆ, ಇನ್ನೊಮ್ಮೆ.

ಶಿಲುಬೆ ಮಾಡಿ ಹರಸುತ್ತಿದ್ದಾಳೆ ಅಂದುಕೊಂಡು
ಅವರೂ ಟೋಪಿ ತೆಗೆದು
ಹಾಗೇ ಮಾಡುತ್ತಾರೆ.