ಪೆನ್‌ಹ್ಯಾಲೊ ಕ್ಷೇತ್ರದ ಕೊನೆಯ ಎಣಿಕೆ

ಆ ಹೆಸರಿನ ಸರ್ವೆದಾರ ಈ ಊರಿಗೆ ಬರಲೇ ಇಲ್ಲ.
ನೂರು ಮೈಲಿ ಆಚೆಗೇ ನೀರಿಲ್ಲದೆ ಸತ್ತ;
ಹೆಸರು ಮಾತ್ರ ನಡೆದುಕೊಂಡು ಬಂತು,
ಬಂದು ಗೋಧಿ ಹೊಲಗಳ ಮೇಲೆ ಕೂತಿತು.
ಕ್ಷೇತ್ರ ಅಂದರೆ ಹೊಲ. ಕ್ಷೇತ್ರ ಅಂದರೆ ಮೈ ಕೂಡ.
ಇಲ್ಲಿಯವರಿಗೆ ಇದು ಗೊತ್ತಿಲ್ಲ, ಹೇಳಲು ಹೋದರೆ ಚಹಾ ಆರುತ್ತದೆ.

ಟಾರಂಬಿ ಶಾಲೆ, ಶನಿವಾರ, ಏಳೂವರೆ.
ರಟ್ಟಿನ ಮರೆಗಳನ್ನು ನಿಲ್ಲಿಸಿ
ಪೆನ್ಸಿಲುಗಳ ಮೊನೆ ಚೂಪು ಮಾಡುತ್ತೇನೆ.
ಹೊರಗೆ ಸಾಸೇಜಿನ ಜೊತೆ ಈರುಳ್ಳಿ ಬೇಯುವ ವಾಸನೆ.
ಇಲ್ಲಿ ಬೆರಳಿಗೆ ಶಾಯಿ ಹಚ್ಚುವುದಿಲ್ಲ.
ಮೈಸೂರಿನಲ್ಲಿ ಶಾಯಿ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಬೆಳೆದವಳು ನಾನು,
ಬೋಳು ಬೆರಳು ಕಂಡರೆ
ಏನೋ ಬಾಕಿ ಉಳಿದ ಹಾಗೆ.

ಮೊದಲಿಗೆ ಬರುವವನು ಕ್ಲೆಮ್ ಹ್ಯಾಟರ್ಸ್ಲೀ, ಹಳೇ ರೈಲ್ವೆಯವನು.
ನಿಯಮದಂತೆ ಕೇಳುತ್ತೇನೆ:
ಹೆಸರು? ವಿಳಾಸ? ಈ ಚುನಾವಣೆಯಲ್ಲಿ ಈಗಾಗಲೇ ಮತ ಹಾಕಿದ್ದೀರಾ?
'ಹಾಕಿದ್ದೇನೆ ತಾಯಿ, ಹತ್ತೊಂಬತ್ತು ಸಲ.
ಗೆದ್ದವನಿಗೆ ಮಾತ್ರ ಒಮ್ಮೆಯೂ ಇಲ್ಲ.'

ಅವನು ಹೇಳಿದ ಚರಿತ್ರೆ ಇದು, ದಾಖಲೆ ನೋಡಿಲ್ಲ:
ಮೊದಲು ಕುರಿಗಳ ಸಾಹುಕಾರ, ನಾಲ್ಕು ಸಲ ಅವಿರೋಧ,
ಆಮೇಲೆ ಅವನ ಅಳಿಯ. ಆಮೇಲೆ
ಒಂದೇ ಒಂದು ಸಲ, ಏಳು ಮತದಿಂದ,
ಕ್ಲೆಮ್‌ನ ಅಪ್ಪನ ಗೆಳೆಯ, ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವನು.
ಮೂರು ದಿನ ಮರುಎಣಿಕೆ. ಮೂರು ವರ್ಷ ಸಂಸತ್ತು.
ಸೋತ ಮೇಲೆ ಅದೇ ಸಲಿಕೆ, ಅದೇ ಎಂಜಿನ್ನು.
ಇನ್ನೊಂದು ಸಲ ನೆರೆ ಬಂದು
ಮತಪೆಟ್ಟಿಗೆ ದೋಣಿಯಲ್ಲಿ ಹೋಯಿತಂತೆ,
ಕಾವಲಿನ ಪೊಲೀಸನಿಗೆ ಈಜು ಬಾರದು, ಅವನು ದಡದಲ್ಲೇ.
ಕಡೆಗೆ ಗೋಧಿ ಮಂಡಳಿಯ ಮಹಾಶಯ, ಇಪ್ಪತ್ತಾರು ವರ್ಷ!
ಚುನಾವಣೆಗೊಮ್ಮೆ ಟೋಪಿ ಹಾಕಿಕೊಂಡು ಬಂದ,
ಹೋಗುವಾಗ ಊರಿಗೇ ಹಾಕಿ ಹೋದ.

ಹತ್ತು ಗಂಟೆಗೆ ಐವಿ ಆಂಟಿ, ಮೊಮ್ಮಗಳ ತೋಳು ಹಿಡಿದು.
ಪಟ್ಟಿಯಲ್ಲಿ ಹೆಸರು ಹುಡುಕುವಷ್ಟು ಹೊತ್ತು
ಅವರು ನೆಲ ನೋಡುತ್ತಿದ್ದರು, ಹಳೇ ಮರದ ಹಲಗೆಗಳನ್ನು.
'ಮತದಾನದ ಹಿಂದಿನ ರಾತ್ರಿ ಇದನ್ನು ಒರೆಸುತ್ತಿದ್ದವಳು ನನ್ನಮ್ಮ.
ಬೆಳಗಾದರೆ ಒಳಗೆ ಬರುವಂತಿರಲಿಲ್ಲ.
ಅರವತ್ತೆರಡರಲ್ಲಿ ಕಾನೂನು ಬದಲಾಯಿತು. ಅಮ್ಮ ಐವತ್ತೊಂಬತ್ತರಲ್ಲೇ ಹೋದಳು.'
ಹೆಸರಿನ ಮುಂದೆ ಗೆರೆ ಎಳೆದು ಕಾಗದ ಕೊಟ್ಟೆ.
ಮರೆಯ ಹಿಂದೆ ಬಹಳ ಹೊತ್ತು ನಿಂತರು.
ಸಾಲು ಕಾಯಿತು. ಕಾಯಲಿ.

ಮುಂದಿನ ಸಲದಿಂದ ಈ ಕ್ಷೇತ್ರ ಇಲ್ಲ.
ತಲೆಗಳು ಸಾಲವು, ಪಡುವಣ ಖಾಲಿಯಾಗುತ್ತಿದೆ ಎಂದು
ಬ್ರಿಸ್ಬೇನಿನ ಕಚೇರಿಯಲ್ಲಿ ಹೊಸ ಗೆರೆ ಬಿದ್ದಿದೆ:
ಹಳ್ಳದ ಈಚೆ ಒಬ್ಬರ ಪಾಲು, ಆಚೆ ಇನ್ನೊಬ್ಬರದು.
ಕ್ಲೆಮ್‌ನ ಮನೆ ಒಂದರಲ್ಲಿ, ಕೋಳಿಗೂಡು ಇನ್ನೊಂದರಲ್ಲಿ.
'ಮೊಟ್ಟೆಗೆ ಯಾವ ಸಂಸದನನ್ನು ಕೇಳಲಿ?'

ಆರಕ್ಕೆ ಬಾಗಿಲು. ಪೆಟ್ಟಿಗೆ ಮಗುಚಿದೆವು,
ಹಸಿರು ಕಾಗದಗಳು ಮೇಜಿನ ತುಂಬ.
ಏಜೆಂಟರು ಕೈಕಟ್ಟಿ ನಿಂತಿದ್ದಾರೆ, ಮುಟ್ಟುವಂತಿಲ್ಲ.
ಒಂದು ಎರಡು ಮೂರು ನಾಲ್ಕು
ಮೇಲಿಂದ ಕೆಳಗೆ ಕಣ್ಣುಮುಚ್ಚಿ ಬರೆದದ್ದಕ್ಕೆ
ಇಲ್ಲಿ ಕತ್ತೆಮತ ಎನ್ನುತ್ತಾರೆ. ಕತ್ತೆಯದಾದರೂ ಸಿಂಧು.
ಆಮೇಲೆ ಅದು ಸಿಕ್ಕಿತು.
ಅಂಕಿಯಿಲ್ಲ, ಬೈಗುಳವಿಲ್ಲ.
ನಾಲ್ಕು ಹೆಸರುಗಳ ಮೇಲೆ ಹಾದು ಒಂದೇ ಉದ್ದನೆ ಗೆರೆ,
ನದಿಯ ತಿರುವು, ರೈಲುಹಳಿ, ಉಪ್ಪುಕೆರೆಯ ಮೂಗು,
ಹೊರಟಲ್ಲಿಗೇ ಬಂದು ಕೂಡಿಕೊಂಡಿತ್ತು:
ಹಳೇ ಪೆನ್‌ಹ್ಯಾಲೊ, ಇಡಿಯಾಗಿ.

ನಾಲ್ಕು ಪಕ್ಷದ ನಾಲ್ಕು ಏಜೆಂಟರು ಬಾಗಿ ನೋಡಿದರು.
ಯಾರೂ ತಕರಾರು ಎತ್ತಲಿಲ್ಲ. ಯಾರೂ ನಗಲಿಲ್ಲ.
ನಮ್ಮ ಕಡೆಯ ಪತ್ರಿಕೆಗಳು ಇಂಥದ್ದನ್ನು
ಕುಲಗೆಟ್ಟ ಮತ ಎಂದು ಬರೆಯುತ್ತವೆ.
ಆ ಕಟ್ಟಿಗೇ ಸೇರಿಸಿದೆ, ರಬ್ಬರು ಸುತ್ತಿದೆ: ನಲವತ್ತೊಂದು.

ಹೊರಗೆ ಕತ್ತಲು. ಕ್ಲೆಮ್ ಇನ್ನೂ ಇದ್ದ,
ಸಾಸೇಜಿನ ಕಬ್ಬಿಣದ ತಟ್ಟೆ ಉಜ್ಜುತ್ತಾ.
ಉಳಿದದ್ದೊಂದನ್ನು ಬ್ರೆಡ್ಡಿನಲ್ಲಿ ಸುತ್ತಿ ಚಾಚಿದ.
ತೋರುಬೆರಳ ತುದಿ ಕಪ್ಪಾಗಿತ್ತು.
ತಟ್ಟೆಯ ಮಸಿಯಿರಬಹುದು,
ಪೆನ್ಸಿಲಿನದ್ದಿರಬಹುದು.
ನಾನು ಕೇಳಬೇಕಾದ ಮೂರು ಪ್ರಶ್ನೆ
ಬೆಳಿಗ್ಗೆಯೇ ಮುಗಿದಿದ್ದವು.